ಸಿರಿಯ ಮೌನಕ್ಕೆ ಬಿದ್ದ ಚಪ್ಪಾಳೆ

ಸ್ಕ್ರಾಲ್ ಮಾಡಿ ಹೋಗ್ಬೇಡಿ, ಒಂದ್ನಿಮಿಷ! ಸಿರಿಯ ಕಥೆ ಪೂರ್ತಿ ಕೇಳಿಬಿಡಿ...

ಹಳೇಬೀಡಿನ ಸಭಾಂಗಣ. ಸಿರಿ ಚೆಲೋ ಎಂಬ ದೊಡ್ಡ ಪಿಟೀಲಿನ ತಂತಿಯಿಂದ ಕಮಾನು ಎತ್ತಿ, ಗಾಳಿಯಲ್ಲೇ ಹಿಡಿದು ಕೂತಳು. ಆ ಹೊಸ ಕೃತಿಯ ಜೀವವೇ ನಡುವಿನ ಆ ಉದ್ದನೆಯ ಮೌನ.

ಚಟಚಟ ಚಪ್ಪಾಳೆ! ಮುಂದಿನ ಸಾಲಿನವನೊಬ್ಬ ಶುರು ಮಾಡಿದ, ಸಭೆಯೆಲ್ಲ ಸೇರಿಕೊಂಡಿತು. ಕೃತಿ ಅಲ್ಲಿಗೇ ಮುಗಿಯಿತು.

ವೇದಿಕೆ ಇಳಿದವಳೇ ಅವನೆದುರು ನಿಂತಳು.

“ಯಾರ್ರೀ ನೀವು? ಇನ್ನೂ ಅರ್ಧ ಬಾಕಿ ಇತ್ತು!”

“ಅಯ್ಯೋ... ನೀವು ಮರೆತುಬಿಟ್ರಿ ಅಂದ್ಕೊಂಡೆ ಕಣ್ರೀ. ಜನ ನಗೋಕ್ ಮುಂಚೆ ತಟ್ಟಿಬಿಟ್ಟೆ. ನಾನು ಭೀಮರಾಜ್, ಗಂಡಸಿ ಊರಿನ ದನದ ಡಾಕ್ಟ್ರು.”

“ಹಾಗಾದ್ರೆ ದನಗಳಿಗೇ ಹೋಗಿ ತಟ್ರೀ!”

ಕಚೇರಿ ಏರ್ಪಡಿಸಿದ್ದ ಸಂಗೀತ ಸಭೆಯ ಕಾರ್ಯದರ್ಶಿ ಇಂದುಧರ ಬೇರೆ ಶುರು ಮಾಡಿದರು.

“ಮದುವೇಲಿ ಸಿನಿಮಾ ಹಾಡು ನುಡಿಸ್ತೀಯ, ಕೀರ್ತನೇನೂ ಬರುತ್ತೆ. ಈ ಹೊಸದರ ಹುಚ್ಚು ಯಾಕಮ್ಮ? ಮುಂದಿನ ಕಚೇರಿ ಬೇಲೂರಲ್ಲಿ, ಅಲ್ಲೂ ಹೀಗೇ ಆದ್ರೆ ನಮ್ ಸಭೇಲಿ ಹೊಸದು ಬಂದ್!”

ಭಾನುವಾರ ಅರಸೀಕೆರೆಯ ಅವಳ ಮನೆ ಮುಂದೆ ಭೀಮರಾಜನ ಬೈಕ್ ನಿಂತಿತು.

“ತಪ್ಪು ನಂದು. ಪೂರ್ತಿ ಕೇಳಿಸ್ತೀರಾ?”

ಆಮೇಲೆ ಪ್ರತಿ ಭಾನುವಾರವೂ ಬಂದ. ಎರಡೂ ಕೈ ತೊಡೆಯಡಿ ಒತ್ತಿಕೊಂಡು ಕೂರುತ್ತಿದ್ದ.

“ಡಾಕ್ಟ್ರೇ, ಕಾಫಿಗಾದ್ರೂ ಕೈ ಆಚೆ ತೆಗೀರಿ!” ಅಮ್ಮ ವಿಶಾಲಮ್ಮ ನಗುತ್ತಿದ್ದರು.

'ತಪ್ಪು ಮಾಡಿದ ಸಂಕಟಕ್ಕೆ ಬರ್ತಾನೆ ಅಷ್ಟೇ... ನನಗಾಗಿ ಅಲ್ಲ.' ಹಾಗಂದುಕೊಂಡೇ ಸಿರಿ ಪ್ರತಿ ಭಾನುವಾರ ಅವನ ಬೈಕ್ ಸದ್ದಿಗೆ ಕಿವಿಗೊಡುತ್ತಿದ್ದಳು.

ಬೇಲೂರಿನ ದಿನ ಬಂತು. ಅರ್ಧ ಚೆನ್ನಾಗಿಯೇ ಸಾಗಿತು. ಇದ್ದಕ್ಕಿದ್ದಂತೆ... ತಲೆ ಖಾಲಿ! ಮೌನದ ಜಾಗವಲ್ಲ ಅದು. ನಿಜವಾಗಿಯೂ ಮರೆತಿದ್ದಳು!

ಕಮಾನು ಗಾಳಿಯಲ್ಲೇ ನಿಂತಿತು. ಕೃತಿಯೇ ಹಾಗೆಂದು ಜನ ಸುಮ್ಮನೆ ಕಾದರು. ಗೊತ್ತಾಗಿದ್ದು ಎದುರಿಗೆ ಕೂತಿದ್ದ ಭೀಮರಾಜ್ ಒಬ್ಬನಿಗೇ. ಅವನ ಕೈ ಮೇಲೆದ್ದಿತು...

'ಬೇಡ, ತಟ್ಟಬೇಡ!'

ಅವನು ಚಪ್ಪಾಳೆ ತಟ್ಟಲಿಲ್ಲ. ಒಂದೇ ಬೆರಳಿನಲ್ಲಿ ಮಂಡಿಯ ಮೇಲೆ, ಕೃತಿಯಲ್ಲಿ ಮುಂದೆ ಬರಬೇಕಿದ್ದ ಭಾಗದ ಲಯ ಹಾಕಿದ. ಟಕ್... ಟಕಟಕ್.

ಸಿಕ್ಕಿತು! ಕಮಾನು ತಂತಿಗೆ ಬಿತ್ತು. ಆ ಉದ್ದನೆಯ ಮೌನವೂ ಬಂತು, ಯಾರೂ ಉಸಿರೆತ್ತಲಿಲ್ಲ. ಕೊನೆಯ ಸ್ವರ ಕರಗಿದ ಮೇಲೆ ಬಿತ್ತು ನೋಡಿ ಚಪ್ಪಾಳೆ!

“ಮುಂದಿನ ಸಲಾನೂ ಹೊಸದೇ ಇಡಮ್ಮ!” ಎಂದರು ಇಂದುಧರ. ಸಿರಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ವೇದಿಕೆಯ ಹಿಂದೆ ಅವನು ಕಾಯುತ್ತಿದ್ದ.

“ನಾನು ಮರೆತಿದ್ದು ನಿಮಗೆ ಹೇಗೆ ಗೊತ್ತಾಯ್ತು?”

“ಹಸುಗೆ ಇಂಜೆಕ್ಷನ್ ಕೊಡೋವಾಗ್ಲೂ ಅದನ್ನೇ ಗುನುಗ್ತೀನಿ ಕಣ್ರೀ.”

“ಬರೀ ತಪ್ಪಾಯ್ತು ಅಂತ ಬರ್ತಿದ್ರಾ?”

“ಅದು ಮೊದಲನೇ ಭಾನುವಾರಕ್ಕೇ ತೀರ್ತು. ಮಿಕ್ಕಿದ್ದೆಲ್ಲಾ... ನಿಮಗೋಸ್ಕರ.”

ಅವಳು ಅವನ ಕೈ ಹಿಡಿದಳು.

“ಈಗ ತಟ್ಟಬಹುದು.”

“ಹೆಂಗ್ರೀ ತಟ್ಲಿ? ಒಂದ್ ಕೈ ನೀವೇ ಹಿಡ್ಕೊಂಡಿದೀರಲ್ಲ!”

ಈಗ ನೀವು ಹೇಳಿ... ಹಳೇಬೀಡಲ್ಲಿ ಅವತ್ತು ಮುಂದಿನ ಸಾಲಲ್ಲಿ ನೀವೇ ಕೂತಿದ್ದಿದ್ರೆ, ಆ ಮೌನಕ್ಕೆ ಏನ್ ಮಾಡ್ತಿದ್ರಿ?