ಬುರುಲ್‌ಚಾ ಅಜ್ಜಿ ಮೊಲವಾದದ್ದು

"ಏ ಮೊಲ, ನಂಗೊಂದು ಬಟ್ಟಲು ಟೀ ಹಾಕು," ಎಂದು ಸಾಲಿಯಾ ಅಜ್ಜಿ ಕೈ ಚಾಚಿದಳು.

ಶಾಲೆಯಲ್ಲಿ ನಡೆದ ಹೊಸ ವರ್ಷದ ನೂರೂಜ್ ಹಬ್ಬಕ್ಕೆ ಬಂದವರೆಲ್ಲ ಗೊಳ್ಳೆಂದು ನಕ್ಕರು. ಬುರುಲ್‌ಚಾ ಅಜ್ಜಿ ನಗಲಿಲ್ಲ.

ಇದಕ್ಕೆಲ್ಲ ಕಾರಣ ಗೋಡೆಯ ಮೇಲಿನ ಪರದೆ. ಅಜ್ಜಿಯ ಮೊಮ್ಮಗಳು ಬೆಗಿಮಾಯ್ ಕಂಪ್ಯೂಟರ್ ಕ್ಲಬ್ಬಿನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಳು. ಅವರಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ, ಸರದಿಯಲ್ಲಿ ಒಟ್ಟು ಹನ್ನೆರಡು. ಹುಟ್ಟಿದ ತಾರೀಖು ಕೊಟ್ಟರೆ ಅದು ನೀವು ಯಾವ ಪ್ರಾಣಿಯ ವರ್ಷದವರೆಂದು ತೋರಿಸುತ್ತಿತ್ತು. ಅಜ್ಜಿಯ ತಾರೀಖಿಗೆ ಮೊಲ ಕುಣಿಯಿತು.

"ನಾನು ಚಿರತೆ," ಎಂದಳು ಅಜ್ಜಿ. "ಸಾಲಿಯಾನೂ ಚಿರತೆ. ನಾವಿಬ್ರೂ ಒಂದೇ ವರ್ಷದೋರು."

"ಅದು ನಿನ್ನೆವರೆಗೆ ಕಣೇ," ಎಂದಳು ಸಾಲಿಯಾ ಅಜ್ಜಿ. "ಚಿರತೆ ವರ್ಷ ಆದ್ಮೇಲೆ ಮೊಲದ್ದು. ಈಗ ನೀನು ನಂಗಿಂತ ಚಿಕ್ಕೋಳು. ಟೀ ಹಾಕೋದು ಚಿಕ್ಕೋರ ಕೆಲಸ. ಹಿರಿಯರು ಕೂರೋ ಆ ಮೇಲಿನ ಜಾಗಾನೂ ಬಿಡು, ನಾನು ಕೂರ್ಬೇಕು."

ಹೆಡ್‌ಮಾಸ್ತರ್ ಎಸೆನ್‌ಕುಲ್ ನಡುವೆ ಬಂದರು. "ನಿಮಗೆ ಮರೆತಿರಬೇಕು ಅಜ್ಜಿ. ಕಂಪ್ಯೂಟರ್ ತಪ್ಪು ಮಾಡಲ್ಲ."

ಆ ಕಂಪ್ಯೂಟರನ್ನು ಆನ್ ಮಾಡಲೂ ಅವರಿಗೆ ಮಕ್ಕಳೇ ಬೇಕು. ಆದರೂ ಎಲ್ಲರೂ ತಲೆಯಾಡಿಸಿದರು.

"ಹಾಗಾದ್ರೆ ಅದಕ್ಕೇ ಊಟ ಹಾಕಿ," ಎಂದು ಅಜ್ಜಿ ಕೋಟು ತೊಟ್ಟು ಬಾಗಿಲ ಕಡೆ ನಡೆದಳು.

ಈಗಷ್ಟೇ ಇಡೀ ಶಾಲೆ ಬೆಗಿಮಾಯ್‌ಗೆ ಚಪ್ಪಾಳೆ ತಟ್ಟಿತ್ತು. ಅಜ್ಜಿ ಮಾತ್ರ ಹಬ್ಬದ ಊಟ ಬಿಟ್ಟು ಹೊರಟಿದ್ದಳು. ಬೆಗಿಮಾಯ್ ಓಡಿಹೋಗಿ ಅಜ್ಜಿಯ ಕೋಟು ಹಿಡಿದಳು.

"ಅಜ್ಜಿ, ನೀನು ಹುಟ್ಟಿದಾಗ ಆ ವರ್ಷದ ನೂರೂಜ್ ಆಗಿತ್ತಾ?"

"ಎಲ್ಲಿ ಆಗಿತ್ತು? ಫೆಬ್ರುವರಿ ಅದು, ಕುರಿಗಳು ಹಿಮದಲ್ಲಿ ಹೂತುಹೋಗಿದ್ವಂತೆ. ಮಾರ್ಚಲ್ಲಿ ನೂರೂಜ್ ಬರೋವರೆಗೂ ಚಿರತೆ ಎಲ್ಲಿಗೆ ಹೋಗುತ್ತೆ, ಹುಚ್ಚಿ?"

ಬೆಗಿಮಾಯ್ ಪ್ರೋಗ್ರಾಮಿನಲ್ಲಿ ಜನವರಿ ಒಂದಕ್ಕೇ ಪ್ರಾಣಿಯನ್ನು ಬದಲಾಯಿಸಿದ್ದಳು. ಯಾರನ್ನೂ ಕೇಳಿರಲಿಲ್ಲ.

"ಸರ್, ತಪ್ಪು ನಂದು," ಎಂದಳು. ದನಿ ಸಣ್ಣಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. ಪ್ರಾಣಿ ನೂರೂಜ್ ದಿನ ಬದಲಾಗುವಂತೆ ಒಂದು ಸಾಲು ತಿದ್ದಿ ಪ್ರೋಗ್ರಾಂ ಮತ್ತೆ ಓಡಿಸಿದಳು. ಚಿರತೆ ಬಾಲ ಬೀಸುತ್ತ ಬಂತು.

"ಅಯ್ಯೋ, ಒಂದು ಬಟ್ಟಲು ಟೀನೂ ಗಿಟ್ಟಲಿಲ್ಲ," ಎಂದು ಸಾಲಿಯಾ ಅಜ್ಜಿ ಪಕ್ಕಕ್ಕೆ ಸರಿದು ಗೆಳತಿಗೆ ಜಾಗ ಮಾಡಿದಳು.

ಬೆಳಗಿನಿಂದ ಕೊಟ್ಟಿದ್ದ ತಾರೀಖುಗಳೆಲ್ಲ ಮತ್ತೆ ಓಡುತ್ತ, ಅಷ್ಟರಲ್ಲಿ ಪರದೆಯ ಮೇಲೆ ಹೆಡ್‌ಮಾಸ್ತರರ ಹೆಸರು ಬಂತು. ಅವರು ಹುಟ್ಟಿದ್ದು ಜನವರಿಯಲ್ಲಿ. ಬೆಳಗಿನಿಂದ ಕುದುರೆಯಾಗಿ ಮೆರೆದವರು ಈಗ ಹಾವಾಗಿದ್ದರು.

"ಕಂಪ್ಯೂಟರ್ ತಪ್ಪು ಮಾಡಲ್ಲ ಅಲ್ವಾ ಸರ್," ಎಂದು ಹಿಂದಿನಿಂದ ಯಾರೋ ಅಂದರು. ಹೆಡ್‌ಮಾಸ್ತರರು ಕೆಮ್ಮಿ, ತಟ್ಟೆಯತ್ತ ನೋಡಿದರು.

ಆಗ ಮುದುಕರೊಬ್ಬರು ಹುಟ್ಟಿದ ತಾರೀಖು ತೋರಿಸಲು ಪಾಸ್‌ಪೋರ್ಟ್ ಹಿಡಿದು ಬಂದರು. ಬೆಗಿಮಾಯ್ ಅದನ್ನು ತೆರೆಯಲಿಲ್ಲ. ತನ್ನ ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು.

"ಹೇಳಿ ತಾತ," ಎಂದಳು. "ನೀವು ಹುಟ್ಟಿದಾಗ ಹೊರಗೆ ಹಿಮ ಇತ್ತಾ, ಕರಗಿತ್ತಾ?"