ನಿಂಬೆ ಕೇಕಿನ ಪುಟ

“ಆ ಹಳದಿ ಪುಸ್ತಕ ಎಲ್ಲಿ ಹೋಯ್ತು?”

ಖಾಲಿ ಅಡುಗೆಮನೆಯಲ್ಲಿ ಸಿಗ್ನೆ ಗಟ್ಟಿಯಾಗಿಯೇ ಕೇಳಿದಳು. ಉತ್ತರ ಕೊಡಲು ಯಾರಿದ್ದರು? ಅಜ್ಜಿ ತೀರಿಕೊಂಡು ಆರು ತಿಂಗಳಾಗಿತ್ತು.

ಮರುಕ್ಷಣವೇ ನೆನಪಾಯಿತು. ನಿನ್ನೆ ಚರ್ಚಿನ ಹಳೆ ಸಾಮಾನಿನ ಮಾರಾಟಕ್ಕೆ ಕಳಿಸಿದ ಪಾತ್ರೆಗಳ ಪೆಟ್ಟಿಗೆ... ಅದರಲ್ಲೇ ಹೋಗಿರಬೇಕು!

ಮೂವತ್ತೆರಡು ಪುಟಗಳ ಅಡುಗೆ ಪುಸ್ತಕ ಅದು. ಅಮೆರಿಕದ ಮಿನ್ನೆಸೋಟಾದ ಆ ಪುಟ್ಟ ಊರಿನ ಹಿಟ್ಟಿನ ಗಿರಣಿ ಒಂದು ಕಾಲದಲ್ಲಿ ಮೂಟೆಯ ಜೊತೆ ಪುಕ್ಕಟೆ ಹಂಚಿದ್ದು. ‘ನಮ್ಮ ಹಿಟ್ಟನ್ನೇ ಬಳಸಿ’ ಎಂಬ ಸಾಲನ್ನು ಹೊಡೆದುಹಾಕಿ, ‘ಯಾವುದಾದರೂ ಆದೀತು’ ಎಂದು ಬರೆದಿದ್ದಳು ಅಜ್ಜಿ! ಏನು ಮಾಡಿದರೂ ಯಾವತ್ತು, ಯಾರಿಗಾಗಿ, ಹೇಗಾಯಿತು ಎಂದು ಅಂಚಿನಲ್ಲಿ ಬರೆದಿಡುತ್ತಿದ್ದಳು. ಅವಳ ಕೈ ನಡುಗಲು ಶುರುವಾದ ಮೇಲೆ ಬರೆದವಳು ಸಿಗ್ನೆ.

ಅದೇ ಈಗ ಕುತ್ತಾಗಿತ್ತು. ನಿಂಬೆ ಕೇಕಿನ ಪುಟದಲ್ಲಿ ಮೂರು ಸಲ ಅವಳದೇ ಅಕ್ಷರ: ‘ಆರ್ಲನ್‌ಗಾಗಿ. ಕೊಡಲು ಧೈರ್ಯವಾಗಲಿಲ್ಲ.’

ಆರ್ಲನ್ ಅಂದರೆ ಊರಿನ ಮ್ಯೂಸಿಯಂ ನೋಡಿಕೊಳ್ಳುವವನು. ಅಜ್ಜಿ ಇದ್ದಾಗ ಆ ಪುಸ್ತಕ ನೋಡಲೆಂದು ಏಳು ಶನಿವಾರ ಮನೆಗೆ ಬಂದಿದ್ದ. ‘ಬರೋದು ಪುಸ್ತಕಕ್ಕೆ, ನನಗಲ್ಲ’ ಎಂದುಕೊಂಡು, ಅಜ್ಜಿಯನ್ನು ಮಣ್ಣು ಮಾಡಿದ ದಿನ ಅವನು ಮಾತಾಡಿಸಲು ಬಂದರೂ ಮುಖ ತಿರುಗಿಸಿದ್ದಳು ಸಿಗ್ನೆ.

ಚರ್ಚಿನ ನೆಲಮಾಳಿಗೆಗೆ ಓಡಿದಳು.

“ಆ ಪುಸ್ತಕಾನಾ?” ಮಾರಾಟಕ್ಕೆ ಕೂತಿದ್ದ ಮೇವಿಸ್ ಆಂಟಿ ನಕ್ಕರು. “ನಿನ್ನ ಮ್ಯೂಸಿಯಂ ಹುಡುಗ ಎತ್ಕೊಂಡು ಹೋದ ಕಣೇ. ಒಳ್ಳೊಳ್ಳೆ ಪಾತ್ರೆ ಬಿಟ್ಟು ಕಾಗದ ತಗೊಂಡ, ಪೆದ್ದ!”

“ಓ... ಓದಿದನಾ?”

“ನಿಂತಲ್ಲೇ ಓದ್ತಿದ್ದ. ಕಿವಿ ಕೆಂಪಾಗಿತ್ತಪ್ಪಾ. ಚಳಿಗೋ ಏನೋ.”

ದೇವರೇ, ಆ ಪುಟವೊಂದು ಅವನ ಕಣ್ಣಿಗೆ ಬೀಳದಿರಲಿ... ಹಿಮ ತುಳಿಯುತ್ತ ದಾರಿಯುದ್ದಕ್ಕೂ ಅದೊಂದೇ ಪ್ರಾರ್ಥನೆ.

ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಪುಸ್ತಕ ಆರ್ಲನ್‌ನ ಕೈಯಲ್ಲಿತ್ತು.

“ಎಲ್ಲರಿಗೂ ತೋರಿಸ್ತೀಯಾ?” ಸಿಗ್ನೆ ಬಾಗಿಲಲ್ಲೇ ನಿಂತು ಕೇಳಿದಳು.

“ಅದಕ್ಕೇ ತಂದದ್ದು. ಗಿರಣಿಯವರು ಹಿಟ್ಟು ಮಾರೋಕೆ ಹಂಚಿದ್ರು, ಸಿಗ್ನೆ. ನಿಮ್ಮಜ್ಜಿ ಇದರಲ್ಲಿ ಊರನ್ನೇ ಬರೆದಿಟ್ರು. ಯಾರ ಮನೇಲಿ ಮಗು ಹುಟ್ಟಿತು, ಯಾವ ವರ್ಷ ಸಕ್ಕರೆ ಸಿಗಲಿಲ್ಲ... ಇದೆಲ್ಲ ಬೇರೆಲ್ಲೂ ಸಿಗಲ್ಲ.”

“ನಿಂಬೆ ಕೇಕಿನ...”

ಅವನು ತಲೆ ತಗ್ಗಿಸಿದ. “ಓದಿದೆ.”

“ನಗು ಬಂತಾ? ನೀನು ಬರ್ತಿದ್ದದ್ದು ಪುಸ್ತಕಕ್ಕೆ ಅಂತ ಗೊತ್ತಿದ್ದೂ ಕೇಕ್ ಮಾಡಿದ್ನಲ್ಲ ಅಂತ...”

“ಮೂವತ್ತೆರಡು ಪುಟ ನೋಡೋಕೆ ಏಳು ಶನಿವಾರ ಬೇಕಾ?” ಅವನ ಕಿವಿ ಮತ್ತೆ ಕೆಂಪಾಯಿತು. “ಅಜ್ಜಿ ಮೊದಲನೇ ದಿನವೇ ಪೂರ್ತಿ ತೋರಿಸಿದ್ರು. ಆಮೇಲೆ ಪ್ರತಿ ವಾರ, ‘ಇನ್ನೂ ನೋಡೋದು ಉಳಿದಿದೆಯೇನಪ್ಪಾ?’ ಅಂತ ನಗೋರು. ನಿನಗೆ ಮಾತ್ರ ತಿಳೀಲಿಲ್ಲ.”

ಅಳುವೋ ನಗುವೋ ತಿಳಿಯದೆ ಸಿಗ್ನೆ ಕೈ ಚಾಚಿದಳು. “ಕೊಡು ಇಲ್ಲಿ. ನಾಲ್ಕನೇ ಸಲ ಮಾಡೋಕೆ ಅಳತೆ ಬೇಕಲ್ಲ!”

ಅವನು ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿ, ಪುಸ್ತಕವನ್ನು ಎದೆಗವಚಿಕೊಂಡ.

“ಅಳತೆ ನಾನು ಓದಿ ಹೇಳ್ತೀನಿ, ನಿನ್ನ ಪಕ್ಕದಲ್ಲೇ ನಿಂತು. ಪುಸ್ತಕ ಮಾತ್ರ ಕೊಡಲ್ಲ.”