ಎಡಗಡೆಯ ಮಡ್‌ಗಾರ್ಡ್

ಟ್ರ್ಯಾಕ್ಟರ್ ತಂದಾಗ ಎಡಗಡೆಯ ಮಡ್‌ಗಾರ್ಡ್ ಮೇಲೆ ಮೊದಲು ಕೂರುವವಳು ನೀನೇ ಎಂದು, ಮಗಳು ತೊದಲು ಮಾತಾಡುವಾಗಲೇ ಮಾತು ಕೊಟ್ಟಿದ್ದೆ.

ಹೋದ ವರ್ಷ ನಮ್ಮ ಸಣ್ಣ ತೋಟಕ್ಕೆಂದು ಹಳೆಯ ಮಿನಿ ಟ್ರ್ಯಾಕ್ಟರ್ ನೋಡಲು ಅವಳನ್ನೂ, ಮೆಕ್ಯಾನಿಕ್ ಆಗಿರುವ ಭಾವಮೈದುನನನ್ನೂ ಕರೆದುಕೊಂಡು ಹೋದೆ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಹೇಳಿದ್ದೆವು. ತಣ್ಣಗಿರುವ ಇಂಜಿನ್ ತನ್ನ ಕಾಯಿಲೆ ಮುಚ್ಚಿಡುವುದಿಲ್ಲ. ಅವರ ಶೆಡ್ಡಿನ ನೆರಳಲ್ಲಿ ಇಂಜಿನ್ ಮುಟ್ಟಿ ನೋಡಿದೆ. ಬಾವಿ ನೀರಿನಷ್ಟು ತಣ್ಣಗಿತ್ತು.

"ಭಾವ, ಟೈರನ್ನ ಎಷ್ಟು ಸಲ ಒದೀತೀರಿ? ಅದೇನು ಬಾಯಿ ಬಿಡಲ್ಲ," ಎಂದು ಭಾವಮೈದುನ ನಕ್ಕ.

ಮಗಳು ಎಡಗಡೆಯ ಮಡ್‌ಗಾರ್ಡ್ ಮೇಲೆ ಕೈಯಿಟ್ಟಳು. "ಅಪ್ಪಾ, ಇಲ್ಲಿ ಬೆಚ್ಚಗಿದೆ. ಯಾರೋ ಈಗಷ್ಟೇ ಎದ್ದು ಹೋದಂಗೆ."

ನಾನೂ ಮುಟ್ಟಿದೆ. ಸುತ್ತಲಿನ ತಗಡೆಲ್ಲ ತಣ್ಣಗಿದ್ದು, ಒಂದು ಮಗು ಕೂರುವಷ್ಟು ಜಾಗ ಮಾತ್ರ ಬೆಚ್ಚಗಿತ್ತು. ಮಾರುವವರು ನಮ್ಮ ಮುಖ ನೋಡದೆ ಆ ಜಾಗವನ್ನೇ ಬಟ್ಟೆಯಿಂದ ಒರೆಸಿ, "ಇಂಜಿನ್ ಚಿನ್ನದಂಥದ್ದು," ಎಂದರು. ನಾನು ಮಗಳ ಕೈ ಹಿಡಿದು ಹೊರಗೆ ಬಂದೆ.

ವಾಪಸ್ ಬರುವಾಗ ಪಿಕಪ್ಪಿನಲ್ಲಿ ಅವಳು ನನಗೆ ಒತ್ತಿಕೊಂಡೇ ಕೂತಳು.

"ಸ್ವಲ್ಪ ಸರಿದು ಕೂರೇ, ಆ ಕಡೆ ಜಾಗ ಇದೆಯಲ್ಲ?"

"ಇಲ್ಲ ಅಪ್ಪಾ."

ತಿಂಗಳಾದ ಮೇಲೆ ಬೇರೆ ಊರಿನಿಂದ ಬೇರೆ ಕಂಪನಿಯ ಟ್ರ್ಯಾಕ್ಟರ್ ತಂದೆವು. ಮರುದಿನ ಬೆಳಿಗ್ಗೆ, ಅಂಗಳಕ್ಕೆ ಬಿಸಿಲು ಬೀಳುವ ಮುನ್ನ ಮಗಳನ್ನು ಎತ್ತಿಕೊಂಡು ಹೋದೆ. ಇಂಜಿನ್ ತಣ್ಣಗಿತ್ತು. ಎಡಗಡೆಯ ಮಡ್‌ಗಾರ್ಡ್ ಬೆಚ್ಚಗಿತ್ತು.

ಮಗಳನ್ನು ಕೆಳಗಿಳಿಸಿದೆ. ಅಲ್ಲಿ ಮೊದಲು ಕೂತದ್ದು ಅವಳಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ.